ಡಿಎನ್‌ಎ ಕಿಟ್ ‘ಕ್ರೋನ್ಸ್ ಗುರುತು ಇಲ್ಲ’ ಅಂತು, ನನಗೆ ಆರು ವರ್ಷದಿಂದ ಕ್ರೋನ್ಸ್ ಇದೆ. ಯಾರಾದರೂ ಬಿಡಿಸಿ ಹೇಳ್ತೀರಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು, ಈಗ ಬೆಂಗಳೂರಲ್ಲಿ ಕೆಲಸ. ಆರು ವರ್ಷದಿಂದ ಕ್ರೋನ್ಸ್ ಕಾಯಿಲೆ. ಗೊತ್ತಿಲ್ಲದವರಿಗೆ ಹೇಳೋದಾದರೆ, ಕರುಳಲ್ಲಿ ಹುಣ್ಣು, ಹೊಟ್ಟೆನೋವು, ದಿನಕ್ಕೆ ಎಂಟು ಹತ್ತು ಸಲ ಟಾಯ್ಲೆಟ್, ತೂಕ ಇಳಿಯೋದು. ಇದು ಮತ್ತು ಅಲ್ಸರೇಟಿವ್ ಕೊಲೈಟಿಸ್ (ದೊಡ್ಡಕರುಳಲ್ಲಿ ಮಾತ್ರ ಹುಣ್ಣಾಗುವ ಕಾಯಿಲೆ), ಎರಡನ್ನೂ ಸೇರಿಸಿ ಐಬಿಡಿ ಅಂತಾರೆ.

ಕಳೆದ ದೀಪಾವಳಿಗೆ ಅಮೆರಿಕದಿಂದ ಬಂದ ಅಣ್ಣ ಒಂದು ಡಿಎನ್‌ಎ ಕಿಟ್ ತಂದಿದ್ದ. ಕೊಳವೆಗೆ ಉಗುಳು ತುಂಬಿಸಿ ಕೊಟ್ಟೆ. ರಿಪೋರ್ಟಿನ ಕ್ರೋನ್ಸ್ ಪುಟದಲ್ಲಿ ಹಸಿರು ಗುರುತು. ಪರೀಕ್ಷಿಸಿದ ಮೂರು ಬದಲಾವಣೆಗಳಲ್ಲಿ ಒಂದೂ ನನ್ನಲ್ಲಿ ಇಲ್ಲವಂತೆ. ಅಮ್ಮ ನೋಡಿ, ‘ಹಾಗಾದ್ರೆ ಡಾಕ್ಟ್ರೇ ತಪ್ಪು ಹೇಳಿದ್ದಾ?’ ಅಂದರು. ಆರು ವರ್ಷದ ಫೈಲು ಪಕ್ಕದಲ್ಲೇ ಇತ್ತು, ತಲೆದಿಂಬಿನಷ್ಟು ದಪ್ಪ.

ಇದು ನಗುವ ವಿಷಯ. ಇನ್ನೊಂದು ನಗುವಂಥದ್ದಲ್ಲ. ಎರಡು ವರ್ಷದ ಹಿಂದೆ ನನಗೆ ಅಜಥಯೋಪ್ರಿನ್ ಅನ್ನೋ, ರೋಗನಿರೋಧಕ ಶಕ್ತಿಯನ್ನ ತಗ್ಗಿಸುವ ಮಾತ್ರೆ ಶುರು ಮಾಡಿದ್ದರು. ಅದಕ್ಕೆ ಮೊದಲು ಟಿಪಿಎಂಟಿ ಅನ್ನೋ ಟೆಸ್ಟ್ ಆಯ್ತು, ‘ನಾರ್ಮಲ್, ಏನೂ ಭಯ ಇಲ್ಲ’ ಅಂದರು. ಮೂರನೇ ವಾರ ತಲೆ ಬಾಚಿದರೆ ಬಾಚಣಿಗೆಯಲ್ಲಿ ಕೂದಲಲ್ಲ, ಜಡೆಯೇ ಬಂದ ಹಾಗೆ. ಬಚ್ಚಲಿನ ಜಾಲರಿ ಮುಚ್ಚಿಕೊಂಡು ನೀರು ನಿಂತಿತ್ತು. ನಾಲ್ಕನೇ ವಾರ ಜ್ವರ. ರಕ್ತ ನೋಡಿದರೆ ಬಿಳಿಕಣ 1,100ಕ್ಕೆ ಕುಸಿದಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಆಮೇಲೆ ಬೇರೆ ಡಾಕ್ಟರೊಬ್ಬರು ಇನ್ಯಾವುದೋ ಜೀನ್ ನೋಡಬೇಕಿತ್ತು ಅಂದರು.

ನನ್ನ ಪ್ರಶ್ನೆ ಇಷ್ಟೇ. ಎರಡು ಟೆಸ್ಟೂ ‘ಸರಿ ಇದೆ’ ಅಂದವು, ಎರಡೂ ಕೈಕೊಟ್ಟವು. ನಮ್ಮಂಥವರ ಮೇಲೆ ಸಂಶೋಧನೆ ಆಗೇ ಇಲ್ವಾ?

ಲ್ಯಾಬ್‌ಹುಳು
ಮೊದಲ ಪ್ರಶ್ನೆಗೆ ಉತ್ತರ ಸುಲಭ. ಕಿಟ್ ಸುಳ್ಳು ಹೇಳಿಲ್ಲ, ನಿಮಗೆ ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದೆ.

ಕ್ರೋನ್ಸ್‌ಗೆ ಸಿಕ್ಕ ಮೊದಲ ಜೀನ್ ನಾಡ್2. 2001ರಲ್ಲಿ ಎರಡು ತಂಡಗಳು ಒಟ್ಟಿಗೆ ಪ್ರಕಟಿಸಿದವು. ಆ ಜೀನಿನ ಮೂರು ಬದಲಾವಣೆ ಯುರೋಪಿನ ಮೂಲದ ರೋಗಿಗಳಲ್ಲಿ ಎದ್ದು ಕಾಣುತ್ತವೆ. ಕಿಟ್ ನೋಡೋದು ಆ ಮೂರನ್ನೇ. ಜಪಾನ್, ಕೊರಿಯಾ, ಚೀನಾದ ರೋಗಿಗಳಲ್ಲಿ ಹುಡುಕಿದರು, ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಭಾರತೀಯ ರೋಗಿಗಳಲ್ಲೂ ಅದೇ ಕಥೆ. ಅಂದರೆ ಕ್ರೋನ್ಸ್ ಇರುವ ನೂರು ಕನ್ನಡಿಗರನ್ನ ಸಾಲಾಗಿ ನಿಲ್ಲಿಸಿ ಈ ಕಿಟ್ ಕೊಟ್ಟರೆ ಹೆಚ್ಚುಕಮ್ಮಿ ಎಲ್ಲರಿಗೂ ಹಸಿರು ಗುರುತೇ ಬರುತ್ತೆ.

ಎರಡನೇ ಪ್ರಶ್ನೆಗೆ ಊಟ ಮುಗಿಸಿ ಬರೀತೀನಿ.

ರಾಗಿಮುದ್ದೆ_78
ಜೀನೂ ಇಲ್ಲ ಗೀನೂ ಇಲ್ಲ. ನಮ್ಮ ಅಜ್ಜನ ಕಾಲದಲ್ಲಿ ಈ ಹೆಸರು ಕೇಳಿದ್ರಾ? ಮೈದಾ, ಬೇಕರಿ, ಪಾಮ್ ಎಣ್ಣೆ ಬಂದ ಮೇಲೆ ಬಂದ ಕಾಯಿಲೆ ಇದು. ಮುದ್ದೆ ಸೊಪ್ಪಿನಸಾರು ತಿನ್ನಿ, ಸರಿ ಹೋಗುತ್ತೆ.

ಕುಂದಾಪ್ರದೋಳು
ಮಾರಾಯ್ರೆ, ಕರುಳು ಕಿರಿದಾದ ಕ್ರೋನ್ಸ್ ರೋಗಿಗೆ ಸೊಪ್ಪು ತಿನ್ನಿಸಿ ನೋಡಿ, ರಾತ್ರಿ ಆಂಬ್ಯುಲೆನ್ಸ್ ಕರೆಯೋರು ಯಾರು? ನಮ್ಮ ಮಾವನಿಗೆ ಡಾಕ್ಟರು ಬಸಳೆ ಸಾರು ಬಿಡಿಸಿ ಗಂಜಿ ಊಟ ಹೇಳಿದ್ದಾರೆ.

ಲೆಸ್ಟರ್_ಕನ್ನಡಿಗ
ರಾಗಿಮುದ್ದೆಯವರೇ, ನೀವು ಅರ್ಧ ಸರಿ. ನಾನಿರುವ ಊರು, ಇಂಗ್ಲೆಂಡಿನ ಲೆಸ್ಟರ್‌ನದ್ದೇ ಉದಾಹರಣೆ ಕೊಡ್ತೀನಿ. ಇಲ್ಲಿ ಗುಜರಾತಿ, ಪಂಜಾಬಿ ಜನ ತುಂಬಾ. ಭಾರತದಿಂದ ಬಂದವರು, ಆಫ್ರಿಕಾ ಸುತ್ತಿ ಬಂದವರು ಇಬ್ಬರೂ ಇದ್ದಾರೆ. ಇಲ್ಲಿನ ವೈದ್ಯರು ಅಲ್ಸರೇಟಿವ್ ಕೊಲೈಟಿಸ್ ಯಾರಿಗೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿ 1992ರಲ್ಲಿ ಪ್ರಕಟಿಸಿದರು. ವಲಸೆ ಬಂದ ಭಾರತೀಯ ಮೂಲದವರಲ್ಲಿ ಸ್ಥಳೀಯ ಬಿಳಿಯರಿಗಿಂತ ಜಾಸ್ತಿ ಇತ್ತು.

ರಾಗಿಮುದ್ದೆ_78
ನೋಡಿ! ಊರು ಬಿಟ್ಟರು, ಊಟ ಬದಲಾಯ್ತು, ಕಾಯಿಲೆ ಬಂತು. ನಾನು ಹೇಳಿದ್ದೂ ಅದನ್ನೇ.

ಅಂಕಿ_ಸಂಖ್ಯೆ
ಅದೇ ಊರಲ್ಲಿ ಅದೇ ಗಾಳಿ, ಅದೇ ನೀರು ಕುಡಿದ ಬಿಳಿಯರಿಗೆ ಯಾಕೆ ಕಡಿಮೆ ಬಂತು ಹಾಗಾದರೆ? ಬರೀ ಬ್ರೆಡ್ಡಿನ ತಪ್ಪಾಗಿದ್ದರೆ ತಲೆಮಾರುಗಳಿಂದ ಬ್ರೆಡ್ಡು ತಿನ್ನುವವರಿಗೆ ಮೊದಲು ಬರಬೇಕಿತ್ತು. ಒಂದೇ ಅಂಕಿಯನ್ನ ಇಬ್ಬರೂ ತಮ್ಮ ಕಡೆ ಎಳೆಯಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಬಿಳಿಕೋಟು
ಹೊಟ್ಟೆ ವಿಭಾಗದಲ್ಲಿ ಕೆಲಸ ಮಾಡುವವನು. ಎರಡು ಮಾತು.

‘ಅಜ್ಜನ ಕಾಲದಲ್ಲಿ ಇರಲಿಲ್ಲ’ ಅನ್ನೋದು ಪೂರ್ತಿ ನಿಜ ಅಲ್ಲ. ನಾವು ಓದುವಾಗ ಐಬಿಡಿ ಬಿಳಿಯರ ಕಾಯಿಲೆ ಅನ್ನೋ ಭಾವನೆ ಇತ್ತು. ಲೂಧಿಯಾನದ ಅಜಿತ್ ಸೂದ್ ಅವರ ತಂಡ ಪಂಜಾಬಿನಲ್ಲಿ ಮನೆ ಮನೆಗೆ ಹೋಗಿ 51,910 ಜನರನ್ನ ವಿಚಾರಿಸಿತು. 2003ರಲ್ಲಿ ಲೆಕ್ಕ ಬಂತು, ಲಕ್ಷಕ್ಕೆ 44.3 ಜನರಿಗೆ ಅಲ್ಸರೇಟಿವ್ ಕೊಲೈಟಿಸ್. ಹುಡುಕಿದಾಗ ಸಿಕ್ಕಿತು. ಹುಡುಕದೇ ಇದ್ದಾಗ ಅದು ‘ಹಳೇ ಆಮಶಂಕೆ’ ಆಗಿತ್ತು, ‘ಮೂಲವ್ಯಾಧಿ’ ಆಗಿತ್ತು.

ಊಟ, ಆಂಟಿಬಯಾಟಿಕ್, ಊರಿನ ನೈರ್ಮಲ್ಯ, ಎಲ್ಲಕ್ಕೂ ಪಾತ್ರ ಇದೆ, ಒಪ್ಪುತ್ತೇನೆ. ಜೀನ್ ಒಂದೇ ಕಾರಣ ಆಗಿದ್ದರೆ ಒಂದೇ ತರಹದ ಜೀನ್‌ಗಳಿರುವ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರಲೇಬೇಕು. ಹಾಗಾಗಲ್ಲ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಂತೂ ಹೆಚ್ಚಿನ ಸಲ ಇನ್ನೊಬ್ಬರು ಆರಾಮಾಗಿರುತ್ತಾರೆ.

ಲ್ಯಾಬ್‌ಹುಳು
ಊಟ ಆಯ್ತು (ಮುದ್ದೆ ಅಲ್ಲ, ಕ್ಷಮಿಸಿ).

ತುಂಗಾತೀರ ಅವರ ಕೂದಲಿನ ಕಥೆ ಓದಿದ ತಕ್ಷಣ ನನಗೆ ಹೊಳೆದದ್ದು ನಡ್ಟ್15 ಅನ್ನೋ ಜೀನ್. ಅಜಥಯೋಪ್ರಿನ್ ದೇಹದಲ್ಲಿ ಒಡೆದು ಬೇರೆ ಬೇರೆ ರೂಪ ತಾಳುತ್ತೆ. ಕೆಲವು ರೂಪ ಹೊಸ ರಕ್ತಕಣ ಹುಟ್ಟೋದನ್ನ ತಡೆಯುತ್ತವೆ. ಔಷಧಿ ಕೆಲಸ ಮಾಡೋದೂ ಹಾಗೇ, ಕೆಡಿಸೋದೂ ಹಾಗೇ. ಅದನ್ನ ಹಿಡಿತದಲ್ಲಿಡೋ ಕಿಣ್ವಗಳಲ್ಲಿ ಟಿಪಿಎಂಟಿ ಒಂದು. ಯುರೋಪಿನವರಲ್ಲಿ ತೊಂದರೆ ಕೊಡುವುದು ಅದು. ಹಾಗಾಗಿ ಜಗತ್ತಿಗೆಲ್ಲ ಅದೇ ಟೆಸ್ಟ್ ಆಯ್ತು.

ಕೊರಿಯಾದಲ್ಲಿ ಮಾತ್ರ ಲೆಕ್ಕ ತಾಳೆ ಆಗಲಿಲ್ಲ. ಟಿಪಿಎಂಟಿ ದೋಷ ಅಲ್ಲಿ ಕಡಿಮೆ, ಬಿಳಿಕಣ ಕುಸಿಯೋದು ಮಾತ್ರ ಜಾಸ್ತಿ. ಸೋಲ್‌ನ ಆಸಾನ್ ವೈದ್ಯಕೀಯ ಕೇಂದ್ರದವರು ತಮ್ಮದೇ ರೋಗಿಗಳ ಡಿಎನ್‌ಎ ಜಾಲಾಡಿದರು. 2014ರಲ್ಲಿ ಕಾರಣ ಸಿಕ್ಕಿತು, ನಡ್ಟ್15 ಜೀನ್. ಅದರ ಪ್ರೋಟೀನಿನ 139ನೇ ಜಾಗದಲ್ಲಿ ಅರ್ಜಿನೈನ್ ಬದಲು ಸಿಸ್ಟೀನ್. ಅಪ್ಪ ಅಮ್ಮ ಇಬ್ಬರಿಂದಲೂ ಈ ಬದಲಾವಣೆ ಬಂದವರಿಗೆ ಮಾಮೂಲಿ ಡೋಸ್ ಕೊಟ್ಟರೆ ಕೆಲವೇ ವಾರದಲ್ಲಿ ಕೂದಲು ಉದುರಿ, ಬಿಳಿಕಣ ನೆಲ ಕಚ್ಚುತ್ತೆ. ಯುರೋಪಿನವರಲ್ಲಿ ಇದು ಅಪರೂಪ. ಪೂರ್ವ ಏಷ್ಯಾದಲ್ಲಿ ಮಾಮೂಲು. ಭಾರತದಲ್ಲೂ ಕಡಿಮೆಯೇನಿಲ್ಲ.

ಇದು ಯುರೋಪಿನ ರೋಗಿಗಳನ್ನಷ್ಟೇ ನೋಡಿಕೊಂಡಿದ್ದರೆ ಇನ್ನೂ ಎಷ್ಟೋ ವರ್ಷ ಸಿಗುತ್ತಿರಲಿಲ್ಲ.

ತುಂಗಾತೀರ
ಹೌದು! ಆ ಹೆಸರೇ. ಎರಡೂ ಪ್ರತಿ ಕೆಟ್ಟಿದೆ ಅಂತ ಆಮೇಲೆ ರಿಪೋರ್ಟ್ ಬಂತು. ಅಪ್ಪ ಅಮ್ಮ ಇಬ್ಬರೂ ಒಂದೊಂದು ಕೊಟ್ಟಿದ್ದಾರೆ. ಅಮ್ಮನಿಗೆ ಹೇಳಿದರೆ ಅಳೋಕೆ ಶುರು ಮಾಡಿದರು, ತಾವೇ ಏನೋ ತಪ್ಪು ಮಾಡಿದ ಹಾಗೆ.

ಕುಂದಾಪ್ರದೋಳು
ಅಯ್ಯೋ, ಅಮ್ಮಂದಿರು ಎಲ್ಲ ಕಡೆ ಒಂದೇ. ಕೂದಲು ಮತ್ತೆ ಬಂತಾ ತಂಗಿ?

ತುಂಗಾತೀರ
ಬಂತು ಅಕ್ಕ. ಮೊದಲು ಕಿವಿ ಹತ್ತಿರ ಹುಲ್ಲು ಚಿಗುರಿದ ಹಾಗೆ, ಆಮೇಲೆ ಪೂರ್ತಿ. ಗರಗದ ಸೊಪ್ಪಿನ ಎಣ್ಣೆ ಹಚ್ಚಿದ್ದರಿಂದ ಅಂತ ಅಮ್ಮ ಇವತ್ತಿಗೂ ನಂಬಿದ್ದಾರೆ. ಮಾತ್ರೆ ನಿಲ್ಲಿಸಿದ್ದರಿಂದ ಅಂತ ನಾನು ಹೇಳೋಕೆ ಹೋಗಿಲ್ಲ.

ಹುಬ್ಬಳ್ಳಿ_ಮಂದಿ
ರೀ ಡಾಕ್ಟ್ರೇ, ನಮ್ಮ ತಂಗಿಗೆ ಕೊಲೈಟಿಸ್ ಐತಿ. ಸ್ಟೀರಾಯ್ಡ್ ಬಿಟ್ಟ ಕೂಡಲೇ ಮತ್ತೆ ರಕ್ತ. ಮುಂದಿನ ವಾರ ಇದೇ ಮಾತ್ರೆ ಶುರು ಮಾಡ್ತೀವಿ ಅಂದಾರ. ಟಿಪಿಎಂಟಿ ಬರದಾರ, ನಡ್ಟ್15 ಹೆಸರು ಚೀಟಿಯೊಳಗ ಇಲ್ಲ. ಕೇಳಬೇಕಾ?

ಬಿಳಿಕೋಟು
ಕೇಳಿ. ಈಗ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಎರಡನ್ನೂ ಒಟ್ಟಿಗೆ ಹೇಳಿದ್ದಾರೆ. ‘ಇದನ್ನೂ ಸೇರಿಸಬಹುದಾ ಸರ್’ ಅಂತ ಮರ್ಯಾದೆಯಿಂದ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಒಂದು ಎಚ್ಚರಿಕೆ. ಟೆಸ್ಟ್ ಚೆನ್ನಾಗಿ ಬಂತು ಅಂತ ರಕ್ತ ಪರೀಕ್ಷೆ ಬಿಡಬೇಡಿ. ಈ ಎರಡು ಜೀನ್ ಸರಿ ಇದ್ದವರಲ್ಲೂ ಬಿಳಿಕಣ ಇಳಿಯಬಹುದು. ಮೊದಲ ಎರಡು ತಿಂಗಳು ಪದೇ ಪದೇ ನೋಡಲೇಬೇಕು. ಮತ್ತೆ, ಇಲ್ಲಿ ಓದಿದ್ದಕ್ಕೆ ಯಾರೂ ಮಾತ್ರೆ ತಾವಾಗೇ ನಿಲ್ಲಿಸಬೇಡಿ. ಸರಿಹೊಂದುವ ಸಾವಿರಾರು ಜನರಿಗೆ ಇದು ಒಳ್ಳೆಯ, ಅಗ್ಗದ ಔಷಧಿ.

ಅಂಕಿ_ಸಂಖ್ಯೆ
ಎಲ್ಲರೂ ‘ನಮ್ಮ ಜೀನೇ ಬೇರೆ’ ಅನ್ನೋ ಕಡೆ ಓಡ್ತಾ ಇದ್ದೀರ. ಸ್ವಲ್ಪ ತಡೀರಿ.

2015ರಲ್ಲಿ ಐಬಿಡಿ ಜೀನ್‌ಗಳ ಬಗ್ಗೆ ಒಂದು ದೊಡ್ಡ ಅಧ್ಯಯನ ಬಂತು. ಯುರೋಪಿನ ಮೂಲದವರು 86,640. ಪೂರ್ವ ಏಷ್ಯಾ, ಭಾರತ, ಇರಾನ್ ಎಲ್ಲ ಸೇರಿ 9,846. ಡಿಎನ್‌ಎಯಲ್ಲಿ ಐಬಿಡಿಗೆ ನಂಟಿರುವ 38 ಜಾಗ ಹೊಸದಾಗಿ ಸಿಕ್ಕವು. ಆದರೆ ಅದರ ಮುಖ್ಯ ಮಾತು ಏನು ಗೊತ್ತಾ? ಹೆಚ್ಚಿನ ಜಾಗಗಳು ಎಲ್ಲ ಜನರಲ್ಲೂ ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ. ನಾಡ್2 ತರಹದ ಕೆಲವು ಮಾತ್ರ ಜನದಿಂದ ಜನಕ್ಕೆ ಬೇರೆ. ಜಪಾನಿನವರು 2005ರಲ್ಲೇ ಹಿಡಿದ ಟಿಎನ್‌ಎಫ್‌ಎಸ್‌ಎಫ್15 ಜೀನ್ ಇನ್ನೊಂದು. ಅಲ್ಲಿ ಅದರ ಪ್ರಭಾವ ತುಂಬಾ ಜಾಸ್ತಿ, ಯುರೋಪಿನಲ್ಲಿ ಇದೆ ಆದರೆ ಸಣ್ಣದು. ಕರುಳು ಎಲ್ಲರದ್ದೂ ಒಂದೇ ಕಣ್ರೀ.

ಲ್ಯಾಬ್‌ಹುಳು
ಒಪ್ಪಿದೆ. ಆದರೆ ನೀವೇ ಕೊಟ್ಟ ಅಂಕಿ ನೋಡಿ. ಒಂದು ಕಡೆ 86 ಸಾವಿರ, ಇನ್ನೊಂದು ಕಡೆ ಅರ್ಧ ಭೂಮಿ ಸೇರಿಸಿ ಹತ್ತು ಸಾವಿರಕ್ಕೂ ಕಡಿಮೆ. ಅದರಲ್ಲಿ ಭಾರತದ ಪಾಲು ಇನ್ನೂ ಸಣ್ಣದು. ಇಷ್ಟು ಕಡಿಮೆ ಜನರಲ್ಲಿ ನಮ್ಮಲ್ಲಷ್ಟೇ ಇರುವ ಬದಲಾವಣೆ ಇದ್ದರೂ ಕಣ್ಣಿಗೆ ಬೀಳಲ್ಲ. ಕಾಣಲಿಲ್ಲ ಅನ್ನೋದೂ ಇಲ್ಲ ಅನ್ನೋದೂ ಒಂದೇ ಅಲ್ಲ. ಇದನ್ನ ಅಂಕಿಯವರಿಗೆ ನಾನು ಹೇಳಬೇಕಾ?

2023ರಲ್ಲಿ ಪೂರ್ವ ಏಷ್ಯಾದ 14,393 ರೋಗಿಗಳ ಅಧ್ಯಯನ ಬಂತು. ಯುರೋಪಿನ ಮಾಹಿತಿ ಜೊತೆ ಸೇರಿಸಿದಾಗ ಒಟ್ಟು 320 ಜಾಗ, ಅದರಲ್ಲಿ 81 ಹೊಸವು. ಚೀನಾ, ಕೊರಿಯಾ, ಜಪಾನಿನವರನ್ನ ಸೇರಿಸಿದ್ದಕ್ಕೇ ಇಷ್ಟು. ಸುದ್ದಿಯಲ್ಲಿ ‘ಏಷ್ಯಾದವರಲ್ಲಿ ಹೊಸ ಜೀನ್’ ಅಂತ ಬಂತು. ಆ ಏಷ್ಯಾದಲ್ಲಿ ನೀವೂ ಇಲ್ಲ, ನಾನೂ ಇಲ್ಲ.

ಅಂಕಿ_ಸಂಖ್ಯೆ
ಅದು ಸರಿ. ಆ ಪಾಯಿಂಟ್ ನಿಮಗೆ.

ಲೆಸ್ಟರ್_ಕನ್ನಡಿಗ
ಇಲ್ಲಿ ಪೂರ್ವ ಲಂಡನ್ನಿನಲ್ಲಿ ‘ಜೀನ್ಸ್ ಅಂಡ್ ಹೆಲ್ತ್’ ಅಂತ ದೊಡ್ಡ ಯೋಜನೆ ಇದೆ. ಬಾಂಗ್ಲಾ ಮತ್ತು ಪಾಕಿಸ್ತಾನ ಮೂಲದ ಸಾವಿರಾರು ಜನ ಉಗುಳು ಕೊಟ್ಟಿದ್ದಾರೆ. ಕೊಡೋಣ ಅಂತ ನಾನೂ ವಿಚಾರಿಸಿದರೆ ಕನ್ನಡಿಗರು ಲೆಕ್ಕಕ್ಕೆ ಇಲ್ಲ. ಮನೆಯವಳು ನಗ್ತಾಳೆ, ‘ನಿಮ್ಮ ಉಗುಳಿಗೂ ವೀಸಾ ಸಿಗಲಿಲ್ಲ’ ಅಂತ.

ಕುಂದಾಪ್ರದೋಳು
ನಮ್ಮ ಮಾವನ ಕಥೆ ಹೇಳ್ತೇನೆ, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಬಲ್ಲವರು ಹೇಳಿ. ಅವರಿಗೆ ಮೊದಲು ಕರುಳಿನ ಟಿಬಿ ಅಂದರು. ಸಣ್ಣಕರುಳು ದೊಡ್ಡಕರುಳು ಸೇರುವ ಜಾಗದಲ್ಲಿ ಹುಣ್ಣು. ಟಿಬಿ ಮಾತ್ರೆ ಶುರು. ಮೂತ್ರ ಕಿತ್ತಳೆ ಬಣ್ಣ, ಬಾಯಿಗೆ ಏನೂ ಸೇರದು. ಆರು ತಿಂಗಳು ನುಂಗಿದರು ಪಾಪ. ಹುಣ್ಣು ಇದ್ದಲ್ಲೇ ಇತ್ತು. ಆಮೇಲೆ ಬೇರೆ ಕಡೆ ತೋರಿಸಿದಾಗ ಕ್ರೋನ್ಸ್ ಅಂದರು. ಅಷ್ಟರಲ್ಲಿ ಹದಿನಾಲ್ಕು ಕಿಲೋ ಇಳಿದಿದ್ದರು, ಪಂಚೆಗೆ ಬೆಲ್ಟು ಕಟ್ಟಿಕೊಂಡು ಓಡಾಡುತ್ತಿದ್ದರು.

ಬಿಳಿಕೋಟು
ತುಂಬಾ ಸಂಬಂಧ ಇದೆ ಅಕ್ಕ. ಎರಡೂ ಕೊಲೊನೋಸ್ಕೋಪಿಯಲ್ಲಿ ಒಂದೇ ತರಹ ಕಾಣುತ್ತವೆ, ಬಯಾಪ್ಸಿಯಲ್ಲೂ ಎಷ್ಟೋ ಸಲ ಗೊತ್ತಾಗಲ್ಲ. ಟಿಬಿ ಇದ್ದು ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಮೈಯೆಲ್ಲ ಹರಡುತ್ತೆ. ಅದಕ್ಕೇ ಅನುಮಾನ ಇದ್ದರೆ ಮೊದಲು ಟಿಬಿ ಔಷಧಿ ಕೊಟ್ಟು, ಎರಡು ಮೂರು ತಿಂಗಳಲ್ಲಿ ಮತ್ತೆ ಒಳಗೆ ನೋಡಬೇಕು. ಹುಣ್ಣು ಆರದಿದ್ದರೆ ಆರು ತಿಂಗಳು ಕಾಯೋದಲ್ಲ, ಬೇರೆ ಯೋಚಿಸಬೇಕು.

ಜೀನ್ ಸಂಶೋಧನೆಗೂ ಇದೇ ತಲೆನೋವು. ಸಾವಿರ ಜನ ಕ್ರೋನ್ಸ್ ರೋಗಿಗಳು ಅಂತ ಸೇರಿಸಿ, ಅದರಲ್ಲಿ ಟಿಬಿಯವರು ನೂರು ಜನ ನುಸುಳಿದ್ದರೆ ಲೆಕ್ಕ ಎಲ್ಲ ಮಸುಕು. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಈ ಗೊಂದಲ ಕಡಿಮೆ. ಲೂಧಿಯಾನದವರು ದೆಹಲಿ ವಿಶ್ವವಿದ್ಯಾಲಯದ ಬಿ. ಕೆ. ತೆಲ್ಮಾ ಅವರ ಜೊತೆ ಸೇರಿ ಉತ್ತರ ಭಾರತದವರಲ್ಲಿ ಇಡೀ ಜೀನೋಮ್ (ಅಂದರೆ ಪೂರ್ತಿ ಡಿಎನ್‌ಎ) ಜಾಲಾಡಿದ್ದೂ ಕೊಲೈಟಿಸ್‌ಗೇ.

ಲ್ಯಾಬ್‌ಹುಳು
ಇದಕ್ಕೊಂದು ಬಾಲ ಸೇರಿಸ್ತೀನಿ. 2009ರಲ್ಲಿ ಚೀನಾದಲ್ಲಿ ಕುಷ್ಠರೋಗದ ಜೀನ್ ಹುಡುಕಿದರು. ಸಿಕ್ಕಿದ್ದು ಯಾವುದು ಗೊತ್ತಾ? ನಾಡ್2 ಮತ್ತು ಟಿಎನ್‌ಎಫ್‌ಎಸ್‌ಎಫ್15. ಕ್ರೋನ್ಸ್‌ನವೇ! ಟಿಬಿ ಮತ್ತು ಕುಷ್ಠ ಎರಡರ ರೋಗಾಣುಗಳೂ ಒಂದೇ ಕುಲ. ಆ ಕುಲದ ರೋಗಾಣುಗಳ ಜೊತೆ ಹೋರಾಡಿ ಹೋರಾಡಿ ರೂಪುಗೊಂಡ ಜೀನ್‌ಗಳು ಇವತ್ತು ನಮ್ಮ ಕರುಳನ್ನೇ ಕಚ್ಚುತ್ತಿವೆಯಾ ಅನ್ನೋ ವಾದ ಇದೆ. ಹಾಗಿದ್ದ ಮೇಲೆ ಟಿಬಿ ತುಂಬಿರುವ ನಮ್ಮ ದೇಶವನ್ನ ಬಿಟ್ಟು ಇದನ್ನ ಬೇರೆಲ್ಲಿ ಕುಳಿತು ಓದ್ತಾರೆ?

ಹುಬ್ಬಳ್ಳಿ_ಮಂದಿ
ಇನ್ನೊಂದು ಪ್ರಶ್ನೆ, ಬೈಬ್ಯಾಡ್ರಿ. ನಾನು ಮಾಡಿಕೊಂಡಿದ್ದು ಸೋದರಮಾವನ ಮಗಳನ್ನ. ತಂಗಿಗೆ ಹಿಂಗ ಆಗೇತಿ ಅಂದ್ರ ನಮ್ಮ ಮಕ್ಕಳಿಗೂ ಬರ್ತದೇನು?

ಬಿಳಿಕೋಟು
ಬೈಯೋದೇನಿದೆ, ಅರ್ಧ ಕರ್ನಾಟಕ ಹಾಗೇ ಮದುವೆ ಆಗಿದೆ. ದೊಡ್ಡವರಲ್ಲಿ ಬರುವ ಐಬಿಡಿಗೆ ಒಂದು ಜೀನ್ ಕಾರಣ ಅಲ್ಲ. ನೂರಾರು ಜಾಗಗಳಿಂದ ಚೂರು ಚೂರು ಸೇರುತ್ತೆ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಅಪಾಯ ಸ್ವಲ್ಪ ಏರುತ್ತೆ, ಅಷ್ಟೇ. ಹೆಚ್ಚಿನ ಮಕ್ಕಳಿಗೆ ಬರಲ್ಲ.

ಎಳೆಕೂಸುಗಳ ವಿಷಯ ಬೇರೆ. ಹುಟ್ಟಿದ ಕೆಲವೇ ತಿಂಗಳಲ್ಲಿ ರಕ್ತಭೇದಿ, ಗುದದ ಸುತ್ತ ಕೀವು, ಯಾವ ಔಷಧಿಗೂ ಬಗ್ಗಲ್ಲ. ಇಂಥವರಲ್ಲಿ ಕೆಲವರಿಗೆ ಒಂದೇ ಜೀನ್ ಪೂರ್ತಿ ಕೆಟ್ಟಿರುತ್ತೆ. ಉರಿಯೂತ ತಣಿಸುವ ಐಎಲ್10 ಪ್ರೋಟೀನಿನ ಸಂದೇಶ ಹಿಡಿಯುವ ಗ್ರಾಹಕದ ದೋಷ 2009ರಲ್ಲಿ ಸಿಕ್ಕಿದ್ದು ರಕ್ತಸಂಬಂಧದಲ್ಲಿ ಮದುವೆಯಾದ ಕುಟುಂಬಗಳ ಮಕ್ಕಳಲ್ಲೇ. ಅಲ್ಲಿ ಜೀನ್ ಟೆಸ್ಟ್ ನಿಜಕ್ಕೂ ಜೀವ ಉಳಿಸುತ್ತೆ, ಏಕೆಂದರೆ ಅಸ್ಥಿಮಜ್ಜೆ ಕಸಿ ಮಾಡಿದರೆ ಕಾಯಿಲೆಯೇ ಹೋಗಬಹುದು.

ರಾಗಿಮುದ್ದೆ_78
ನಮ್ಮ ಜಾತಿಯಲ್ಲಿ ಗೋತ್ರ ನೋಡೇ ಮಾಡ್ತೀವಿ. ನಮಗೆ ಇದೆಲ್ಲ ಇಲ್ಲ.

ಲ್ಯಾಬ್‌ಹುಳು
ಗೋತ್ರ ನೋಡಿದರೂ ಜಾತಿ ಒಳಗೇ ತಾನೇ ಮದುವೆ? ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಯವರು ಹಾರ್ವರ್ಡ್ ಜೊತೆ ಸೇರಿ 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯ ನೋಡಿದರು. 81 ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದವು. ಆರ್ಯವೈಶ್ಯ ಸಮುದಾಯದಲ್ಲಿ ಅರಿವಳಿಕೆಯ ಒಂದು ಔಷಧಿ ಕೊಟ್ಟರೆ ಸ್ನಾಯು ಬೇಗ ಚೇತರಿಸಿಕೊಳ್ಳದ ತೊಂದರೆ ಜಾಸ್ತಿ, ಅನುಭವಿ ಅರಿವಳಿಕೆ ಡಾಕ್ಟರು ಮೊದಲೇ ವಿಚಾರಿಸಿಕೊಳ್ಳುತ್ತಾರೆ. ಐಬಿಡಿಗೂ ಇಂಥದ್ದು ಯಾವುದಾದರೂ ಸಮುದಾಯದಲ್ಲಿ ಅಡಗಿರಬಹುದು.

ರಾಗಿಮುದ್ದೆ_78
ಹಾಗಂದ್ರೆ ಯಾವ ಜಾತಿಯವರಿಗೆ ಜಾಸ್ತಿ ಅಂತ ಹೇಳಿಬಿಡಿ.

ನಿರ್ವಾಹಕ
ಬೇಡ. ಈ ದಾರಿ ಎಲ್ಲಿಗೆ ಹೋಗುತ್ತೆ ಅಂತ ಈ ವೇದಿಕೆಗೆ ಗೊತ್ತಿದೆ. ಮೂರು ಕಾಮೆಂಟ್ ತೆಗೆದಿದ್ದೇನೆ. ಕರುಳಿಗೆ ವಾಪಸ್ ಬನ್ನಿ.

ತುಂಗಾತೀರ
😀 ಕರುಳಿನ ವಿಷಯಕ್ಕೇ ಬಂದರೆ, ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗೋದನ್ನ ಯಾರಾದರೂ ಸಂಶೋಧನೆ ಮಾಡಲಿ. ಮಧ್ಯಾಹ್ನದಿಂದ ಏನೂ ತಿನ್ನದೆ ಹತ್ತುತ್ತೇನೆ. ತರೀಕೆರೆ ಹತ್ತಿರ ಒಮ್ಮೆ ಡ್ರೈವರ್ ಅಣ್ಣನ ಹತ್ತಿರ ಕೈಮುಗಿದು ಇಳಿದಿದ್ದೆ.

ಕುಂದಾಪ್ರದೋಳು
ಘಾಟಿಯಲ್ಲಿ ಬಸ್ಸು ನಿಲ್ಲಿಸಿ ಅಂತ ನಾವೂ ಕೂಗಿದ್ದೇವೆ. ನಮ್ಮ ಮಾವ ಈಗ ರೈಲು ಬಿಟ್ಟು ಬೇರೆ ಹತ್ತುವುದಿಲ್ಲ.

ಅಂಕಿ_ಸಂಖ್ಯೆ
ಜೀನೋಮ್ ಇಂಡಿಯಾ ಬಗ್ಗೆ ಯಾರೂ ಹೇಳಲಿಲ್ಲ? ನಮ್ಮ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು, 20 ಸಂಸ್ಥೆಗಳು ಸೇರಿ 10,000 ಜನರ ಜೀನೋಮ್ ಓದಿದರು. 2025ರ ಜನವರಿಯಲ್ಲಿ ಮಾಹಿತಿಯನ್ನ ಸಂಶೋಧಕರಿಗೆ ತೆರೆದರು, ಫರಿದಾಬಾದಿನಲ್ಲಿ ಇಟ್ಟಿದ್ದಾರೆ.

ಲ್ಯಾಬ್‌ಹುಳು
ಒಳ್ಳೇದೇ. ಆದರೆ ಅವರೆಲ್ಲ ಆರೋಗ್ಯವಂತರು. ಹೋಲಿಸೋಕೆ ತಕ್ಕಡಿಯ ಒಂದು ತಟ್ಟೆ ಸಿಕ್ಕಿತು. ಇನ್ನೊಂದು ತಟ್ಟೆಗೆ ರೋಗಿಗಳು ಬೇಕು. ಅದೂ ಟಿಬಿ ಅಲ್ಲ ಅಂತ ಖಚಿತವಾದವರು, ಸಾವಿರಗಟ್ಟಲೆ, ದಕ್ಷಿಣದವರೂ ಸೇರಿ.

ಲೆಸ್ಟರ್_ಕನ್ನಡಿಗ
ನಮ್ಮ ರಕ್ತ ಕೊಟ್ಟು, ಕೊನೆಗೆ ಯಾವುದೋ ಕಂಪನಿ ಇಂಜೆಕ್ಷನ್ ಮಾಡಿ ಅದನ್ನ ನಮಗೇ ಲಕ್ಷಕ್ಕೆ ಮಾರಿದರೆ?

ತುಂಗಾತೀರ
ಮಾರಲಿ ಬಿಡಿ, ಕನಿಷ್ಠ ಅದು ನನ್ನ ಮೈಗೆ ಕೆಲಸ ಮಾಡುತ್ತಾ ಅಂತ ಮೊದಲೇ ಗೊತ್ತಿರುತ್ತೆ. ನನ್ನ ಡಾಕ್ಟರು ಕಳೆದ ಸಲ ಒಂದು ಅಧ್ಯಯನಕ್ಕೆ ರಕ್ತ ಕೊಡ್ತೀಯಾ ಅಂತ ಕೇಳಿದರು. ಒಪ್ಪಿಗೆ ಪತ್ರ ಹನ್ನೊಂದು ಪುಟ, ಕನ್ನಡದ್ದೂ ಇತ್ತು. ಆ ಕನ್ನಡ ಅರ್ಥ ಆಗದೆ ಇಂಗ್ಲಿಷ್ ಓದಿ ಸಹಿ ಹಾಕಿದೆ. ಅಮ್ಮನೂ ಕೊಟ್ಟರು. ‘ಎರಡು ಬಾಟ್ಲಿ ತಗೊಳ್ಳಿ’ ಅಂದರಂತೆ ಆ ಸಿಸ್ಟರ್ ಹತ್ತಿರ.

ರಾಗಿಮುದ್ದೆ_78
ಅದು ತಾಯಿ. ನಾನು ಹೇಳಿದ್ದರಲ್ಲಿ ಏನಾದರೂ ಬೇಜಾರಾಗಿದ್ದರೆ ಮನಸ್ಸಿಗೆ ತಗೋಬೇಡಮ್ಮ. ಮೈದಾ ಮಾತ್ರ ಬಿಡು.

ಹುಬ್ಬಳ್ಳಿ_ಮಂದಿ (ಆರು ದಿನದ ನಂತರ)
ಎಲ್ಲರಿಗೂ ನಮಸ್ಕಾರ್ರಿ. ತಂಗೀನ ಕರಕೊಂಡು ಹೋಗಿದ್ದೆ. ಡಾಕ್ಟರಿಗೆ ಕೇಳಿದೆ, ನಕ್ಕು ‘ಯಾರು ಹೇಳಿದ್ರು?’ ಅಂದರು, ಚೀಟಿ ಮ್ಯಾಲೆ ಬರದೂ ಕೊಟ್ಟರು. ಲ್ಯಾಬಿನ ಹುಡುಗಗ ಕಂಪ್ಯೂಟರಿನೊಳಗ ಆ ಹೆಸರು ಸಿಗಲಿಲ್ಲ. ಎರಡು ಸಲ ಫೋನ್ ಹಚ್ಚಿ, ಸ್ಪೆಲ್ಲಿಂಗ್ ಒಂದೊಂದೇ ಅಕ್ಷರ ಬರಕೊಂಡು, ಬೆಂಗಳೂರಿಗೆ ಕಳಸ್ತೀವಿ ಅಂದ. ರಿಪೋರ್ಟ್ ಬರೂತನಕ ಮಾತ್ರೆ ಶುರು ಮಾಡಬ್ಯಾಡ ಅಂದಾರ.

ತಂಗಿ ಕೇಳಾಕತ್ತಾಳ, ಆ ಗರಗದ ಸೊಪ್ಪಿನ ಎಣ್ಣಿ ಮಾಡೂದು ಹೆಂಗ ಅಂತ.

ತುಂಗಾತೀರ
ಅಮ್ಮನ್ನ ಕೇಳಿ ಬರೀತೀನಿ ಅಣ್ಣ. ಕೊಬ್ಬರಿ ಎಣ್ಣೆ ಗಾಣದ್ದೇ ಆಗಬೇಕಂತೆ.